ಒಂದು ನಾಣ್ಯದಷ್ಟು

ರಸ್ತೆ ಅಗಲವಾಗುತ್ತದಂತೆ.
ಕಚೇರಿಯವರು ಸುಣ್ಣದ ಗೆರೆ ಎಳೆದು ಹೋದರು.
ಪಾರಸ್ಕಾಳ ಹೆಬ್ಬಾಗಿಲು ರಸ್ತೆಯ ಪಾಲಿಗೆ ಬಂತು:
ಮೂರು ಓಕ್ ಕಂಬ, ಮೇಲೆ ಫರ್ ಹಲಗೆಯ ಪುಟ್ಟ ಚಾವಣಿ,
ಮೈತುಂಬ ಹುರಿಹಗ್ಗದ ಕೆತ್ತನೆ.
"ಕಡಿಯಬೇಡಿ, ಬಿಚ್ಚಿ" ಅಂದಳು ಮುದುಕಿ,
ಕೋಟಿನ ಗುಂಡಿಯ ಮಾತೆಂಬಂತೆ.

ಗವ್ರಿಲಾ ಮೇಸ್ತ್ರಿ ಟೊಪ್ಪಿ ತೆಗೆದು
ಕಂಬಕ್ಕೆ ಎರಡು ಸುತ್ತು ಬಂದ.
ನಾನು ಮೊಳೆ ಕೀಳುವ ಇಕ್ಕಳ ಹಿಡಿದು ನಿಂತಿದ್ದೆ.
"ಒಳಗಿಡು ಅದನ್ನ.
ಇದರಲ್ಲಿ ಕಬ್ಬಿಣ, ಕತ್ತೆಯ ಲಾಳಕ್ಕಾಗುವಷ್ಟೂ ಇಲ್ಲ."

ಹಿಂದಿನಿಂದ ಏಟು.
ಒಂದು ಬೆಣೆ ಬಂತು, ಇನ್ನೊಂದು ಬಂತು,
ಮೂರನೆಯದು ಬರಲೊಲ್ಲದು.
ಕೊಡತಿಯ ತಲೆ ಸೀಳಿತು,
ನನ್ನ ಬಾಯಿಂದ ಕೆಟ್ಟ ಮಾತೂ ಬಂತು.
ಮೇಸ್ತ್ರಿ ಬೆಣೆಯ ನೆತ್ತಿಯನ್ನು ಉಗುರಲ್ಲಿ ಕೆರೆದು ನಕ್ಕ:
"ಅಕೇಸಿಯಾ. ಎರಡು ಚಳಿಗಾಲ
ಒಲೆಯ ಮೇಲಿಟ್ಟು ಒಣಗಿಸಿ ಹೊಡೆದದ್ದು.
ಕಂಬ ಆಗಿನ್ನೂ ಹಸಿ.
ಹಸಿಯದು ಒಣಗುತ್ತ ಒಣಗುತ್ತ
ಒಣಗಿದ್ದನ್ನ ಅವುಚಿಕೊಳ್ತು."

ಕೊನೆಗೂ ಬಂತು. ನೆಟ್ಟಗಿರಲಿಲ್ಲ.
ನಡುವಲ್ಲಿ ಬಾಗಿತ್ತು, ನೊಗ ಹೊತ್ತ ಹೆಗಲು.
"ತೂತು ತಪ್ಪಿ ಕೊರೆದಿದ್ದಾನೆ ಪುಣ್ಯಾತ್ಮ" ಎಂದೆ.
ಕಂಬದ ತೂತು ಇಲ್ಲಿ;
ಅದರೊಳಗೆ ಚಾಚಿದ ತೊಲೆಯ ನಾಲಿಗೆಯದ್ದು
ತುಸು ಬುಡಕ್ಕೆ, ತುಸುವೇ.
ಎರಡೂ ಎದುರುಬದುರಾಗಿ ಕೂಡಲೇ ಇಲ್ಲ.

ಮೇಸ್ತ್ರಿ ಜೇಬು ತಡವಿ ನನ್ನ ಅಂಗೈಗೆ
ಒಂದು ನಾಣ್ಯ ಇಟ್ಟ.
"ಇದರ ದಪ್ಪ. ಹೆಚ್ಚಾದರೆ ಬೆಣೆ ಮುರಿಯುತ್ತೆ.
ಸರಿಯಾಗೇ ಕೊರೆದೆಯೋ,
ಸುಮ್ಮನೆ ಕೂತಿರುತ್ತೆ, ನೆಂಟನ ಹಾಗೆ.
ತಪ್ಪಿಸಿದರೆ ತಾನೇ ಅದು ಎಳೆಯೋದು?"

ತೊಲೆ ಇಳಿಸಿದೆವು. ಕಂಬದ ಬಾಯಿ ತೆರೆಯಿತು.
ಹೊರಗೆಲ್ಲ ಪಾಚಿ, ಬೂದಿಬಣ್ಣ, ಎಂಬತ್ತು ವರ್ಷದ ಹಿಮ;
ಒಳಗೆ
ಈಗಷ್ಟೇ ಮುರಿದ ರೊಟ್ಟಿ.
ಉಳಿಯ ಏಟುಗಳನ್ನು ಎಣಿಸಬಹುದಿತ್ತು.
ತಳದಲ್ಲಿ ಕಿರುಬೆರಳೂ ತೂರದ ಕಿಂಡಿ,
ಇಳಿಜಾರಾಗಿ ಹೊರಕ್ಕೆ.
"ನೀರು ಬಂದೇ ಬರುತ್ತೆ" ಅಂದ ಮೇಸ್ತ್ರಿ,
"ಅದಕ್ಕೆ ಬಾಗಿಲು ಹಾಕಬೇಡ. ಹಿತ್ತಲ ದಾರಿ ತೋರಿಸು."

ಪಾರಸ್ಕಾ ಬಂದು ಆ ಬಾಯಿಗೆ ಮೂಗಿಟ್ಟಳು.
ತುಂಬ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ,
"ಹುಳಿ ವಾಸನೆ. ಅಪ್ಪನ ಅಂಗಿ ಹೀಗೇ ನಾರುತ್ತಿತ್ತು."

ನಾಲ್ಕು ಹೆಜ್ಜೆ ಹಿಂದೆ, ಹೊಳೆಗಲ್ಲಿನ ಮೇಲೆ
ಮತ್ತೆ ನಿಲ್ಲಿಸುವ ಹೊತ್ತಿಗೆ ಇಜಾ ನದಿಯಾಚೆ ಕತ್ತಲು.
ಹೊಸ ಬೆಣೆ ಕೆತ್ತಿದ್ದು ನಾನು.
ಹೊಡೆಯುವಾಗ ಅದು ಒಳಗೆಲ್ಲೋ ಬಳುಕಿದ್ದು
ಮೊಣಕೈಗೆ ಗೊತ್ತಾಯಿತು,
ತೊಲೆ ನರಳಿ ಹತ್ತಿರ ಸರಿಯಿತು.

ಬಾಗಿದ ಹಳೆಯದನ್ನು ಮುದುಕಿ ಒಯ್ದಿದ್ದಳು.
ಒಲೆಗೆ, ಅಂದುಕೊಂಡಿದ್ದೆ.
ಬೆಳಿಗ್ಗೆ ಕೂಲಿಗೆ ಹೋದಾಗ ನೋಡಿದೆ:
ಕೋಳಿಗೂಡಿನ ಅಗುಳಿಯಲ್ಲಿ
ಸುಮ್ಮನೆ ಕೂತಿದೆ,
ನೆಂಟನ ಹಾಗೆ.