ಎಡಗಾಲಿನ ಸಿಹಿನೀರು

ಮೊದಲು ತಣ್ಣನೆಯ ಜೆಲ್, ಆಮೇಲೆ ಕ್ಷಮೆ.
"ತಂಪಿದೆಯಲ್ಲವೇ?" ಎನ್ನುತ್ತೇನೆ
ಅರಬಿಯಲ್ಲಿ, ಮಲಯಾಳಂನಲ್ಲಿ, ಹರಕು ಬಂಗಾಳಿಯಲ್ಲಿ.
ಕೆಲವರು ಸುಮ್ಮನೆ ನನ್ನ ಮುಖ ನೋಡುತ್ತಾರೆ.
ಅಲ್ಲೇ ಅರ್ಧ ಗೊತ್ತಾಗಿಬಿಡುತ್ತದೆ.

ಮುಹರ್ರಖ್‌ನ ಈ ಕೋಣೆಗೆ ಕಿಟಕಿಯಿಲ್ಲ.
ವಿಮಾನಗಳು ನೆತ್ತಿಯ ಮೇಲೇ ಇಳಿಯುತ್ತವೆ,
ಅವು ಇಳಿದು ಮುಗಿಯುವ ತನಕ ಕೆಲಸ ತಡೆಯುತ್ತೇನೆ.
ನನ್ನ ಕೆಲಸ ಕೇಳುವುದು.
ಹನ್ನೊಂದು ವರ್ಷದಿಂದ ಪೆನ್ನಿನಷ್ಟು ದಪ್ಪದ ಪ್ರೋಬು ಹಿಡಿದು
ಯಾರ ಯಾರದೋ ಪಾದಗಳಲ್ಲಿ
ರಕ್ತ ನಡೆಯುವುದನ್ನು ಕೇಳುತ್ತೇನೆ.

ಗಟ್ಟಿ ನಾಳ
(ಗಟ್ಟಿಮುಟ್ಟಾದ್ದು ಎಂದರ್ಥ, ಗಟ್ಟಿಯಾದದ್ದಲ್ಲ)
ಒಂದು ಬಡಿತಕ್ಕೆ ಮೂರು ಮಾತಾಡುತ್ತದೆ:
ಹೋದೆ, ತುಸು ಹಿಂದೆ ಬಂದೆ, ಮತ್ತೆ ಹೋದೆ.
ಸಕ್ಕರೆ ಹಳತಾದ ಮೇಲೆ ಒಂದೇ ಮಾತು,
ಅದೂ ಹಳೇ ಫ್ಯಾನಿನ ಹಾಗೆ ಎಳೆದೆಳೆದು.

ಇವತ್ತು ಬಂದವನು ಯಮನೂರಪ್ಪ, ಕುಷ್ಟಗಿ ಕಡೆಯವನು.
ಹಿದ್ದ್‌ನಲ್ಲಿ ಹಡಗು ರಿಪೇರಿಗೆ ಅಟ್ಟಣಿಗೆ ಕಟ್ಟುತ್ತಾನೆ.
ಹದಿನಾಲ್ಕು ವರ್ಷದ ಸಕ್ಕರೆ, ಮೂರು ವರ್ಷದ ಮಾತ್ರೆ.
ನಾನು ಬಡಿತ ಎಣಿಸುವುದು ಕೇಳಿ ಎದ್ದು ಕೂತ:
"ಅಕ್ಕಾರ, ಕನ್ನಡದಾಗ ಎಣಸ್ತೀರಲ್ಲ!"
ಮನೆಮಾತು ಕೊಂಕಣಿ. ಲೆಕ್ಕ ಮಾತ್ರ ಶಾಲೆಯದು,
ಬಾಯಿ ಬಿಟ್ಟು ಹೋಗಿಲ್ಲ.

"ನೋವಿಲ್ಲರೀ, ಒಂದೀಟೂ ಇಲ್ಲ. ಸುಮ್‌ಸುಮ್ನ ಕಳಿಸ್ಯಾರ."
ಇನ್ನೊಂದು ಶೂ ಕಳಚಿದ. ಟಕ್ಕೆಂದು ನೆಲಕ್ಕೆ ಬಿತ್ತು
ಒಂದು ಖರ್ಜೂರದ ಬೀಜ.
ಬೆಳಗಿನ ನಾಲ್ಕರಿಂದ ಏಣಿ ಹತ್ತಿದ್ದಾನೆ ಅದರ ಮೇಲೆ.
ಹೆಬ್ಬೆರಳ ಬುಡದಲ್ಲಿ ಅದರದೇ ಅಚ್ಚು,
ನಡುವಿನ ಸೀಳುಗೆರೆಯ ಸಮೇತ.
ಇಬ್ಬರೂ ನೋಡಿದೆವು.
ಕಳೆದ ಗುಂಡಿ ಸಿಕ್ಕವನ ಹಾಗೆ
ಎತ್ತಿ ಜೇಬಿಗೆ ಹಾಕಿಕೊಂಡ.

ಕಣಕಾಲಿಗೆ ಪಟ್ಟಿ ಬಿಗಿದು ಗಾಳಿ ತುಂಬಿದೆ.
ನೂರೈವತ್ತು. ಇನ್ನೂರು. ಇನ್ನೂರೈವತ್ತು.
ಸದ್ದು ಅಡಗಲಿಲ್ಲ.
ಹೊಸಬರಾದರೆ ಖುಷಿಪಟ್ಟು ಬರೆದುಕೊಳ್ಳುತ್ತಾರೆ.
ಗೋಡೆಗೆ ಸುಣ್ಣ ಹತ್ತಿದ ನಾಳ ಅದು, ಒತ್ತಿದರೆ ಬಗ್ಗದು.
ಬಗ್ಗದ್ದೆಲ್ಲ ಬಲ ಅಲ್ಲ.

ಹೋದ ವಾರ ಇದೇ ಮಂಚದಲ್ಲಿ ಖಮೀಸ್ ಅಜ್ಜ ಹೇಳಿದ್ದ:
ಅವನ ಅಪ್ಪ ಮುತ್ತಿಗೆ ಮುಳುಗುವವನು.
ಉಪ್ಪು ಕಡಲ ತಳದಲ್ಲಿ ಸಿಹಿನೀರಿನ ಒರತೆಗಳಿದ್ದವಂತೆ.
ತೊಗಲ ಚೀಲ ಹಿಡಿದು ಇಳಿಯುವುದು,
ಬುಗ್ಗೆಯ ಬಾಯಿಗೆ ಒಡ್ಡುವುದು, ಬಿಗಿದುಕೊಂಡು ಏಳುವುದು;
ದೋಣಿಗೆಲ್ಲ ಅದೇ ಕುಡಿಯುವ ನೀರು.
"ಈಗ?" ಎಂದೆ.
"ಮೇಲೆ ಬೋರು ಕೊರೆದರು, ಕೆಳಗೆ ಬಾಯಿ ಕಟ್ಟಿತು."
ಆಮೇಲೆ ತನ್ನ ಮೊಣಕಾಲ ಕೆಳಗಿನ ಖಾಲಿ ಜಾಗ ಸವರುತ್ತ,
"ನಿಮ್ಮಲ್ಲೂ ಆ ನೀರಿಗೆ ಸಿಹಿ ಅಂತಲೇ ಅನ್ನುತ್ತಾರಾ?"
ಅನ್ನುತ್ತೇವೆ, ಅಜ್ಜಾ.
ಉಪ್ಪಿಲ್ಲ ಅನ್ನುವುದಕ್ಕೆ ನಮ್ಮಲ್ಲೂ ಬೇರೆ ಮಾತಿಲ್ಲ.

ಯಮನೂರಪ್ಪನ ಪಾದದ ಬೆನ್ನಿಗೆ ಒಂದೇ ಮಾತು.
ಕಣಕಾಲ ಒಳಬದಿಗೆ ಹೋದೆ. ಏನಿಲ್ಲ.
ಒತ್ತಿದೆ, ಏನಿಲ್ಲ. ಒತ್ತುವುದು ಬಿಟ್ಟು
ಕೂದಲೆಳೆಯಷ್ಟು ಓರೆ ಮಾಡಿದೆ.
ಇತ್ತು. ತೆಳ್ಳಗೆ, ಬಲು ದೂರದಲ್ಲಿ.

ಅಷ್ಟರಲ್ಲಿ ಅವನ ಫೋನು, ಊರಿಂದ, ಶಾವಂತ್ರೆವ್ವ:
"ಅದೇನ್ ಸಪ್ಪಳ? ಸಮುದ್ರದ ದಂಡ್ಯಾಗ ಅದೀರೇನು?"
ಅವನು ನನ್ನನ್ನು ನೋಡಿದ.
ನಾನು ಪ್ರೋಬು ಅಲುಗಿಸಲಿಲ್ಲ.
"ಹೂಂ," ಅಂದ. "ಗಾಳಿ ಚಲೋ ಐತಿ."

ಚೀಟಿಯಲ್ಲಿ ಬರೆದೆ: ಇಂದೇ ತೋರಿಸಬೇಕು.
ಇಂದೇ ಎಂಬುದರ ಕೆಳಗೆ ಎರಡು ಗೆರೆ.
ಜೆಲ್ ಒರೆಸಿದೆ, ಬೆರಳ ಸಂದಿಗಳನ್ನೂ.
ಅವನು ಶೂ ಕೈಗೆತ್ತಿಕೊಂಡ,
ಯಾರೂ ಹೇಳದೆಯೇ ಬೋರಲು ಮಾಡಿ
ಮಂಚದ ಕಾಲಿಗೆ ಎರಡು ಸಲ ಕುಟ್ಟಿದ,
ಒಳಗೆ ಇಣುಕಿದ,
ಮತ್ತೊಂದು ಸಲ ಕುಟ್ಟಿದ.