ಎಡಸುತ್ತು

ಅಧಿಕ ವರ್ಷದಲ್ಲಿ ಎಡಸುತ್ತು ಬಂದರೆ
ಮೂರು ಪಟ್ಟು ಪುಣ್ಯವಂತೆ.
ಕಿಯೊಹರು ಅದನ್ನು ಓದಿದ ದಿನವೇ
ಅಡುಗೆಮನೆಯ ತಕ್ಕಡಿಯಲ್ಲಿ ಕಾಲುಚೀಲ ತೂಗತೊಡಗಿದ.
ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ಕೊಯ್ದ,
ನನ್ನದನ್ನೂ, ಕೇಳದೆ.

ಶಿಕೊಕು ದ್ವೀಪಕ್ಕೆ ಎಂಬತ್ತೆಂಟು ಗುಡಿ.
ಎಲ್ಲರೂ ಒಂದರಿಂದ ಹೊರಡುತ್ತಾರೆ,
ನಾವು ಎಂಬತ್ತೆಂಟರಿಂದ.
ಈಗ ಮೂವತ್ತೆಂಟು ಬಿಟ್ಟು ಮೂವತ್ತೇಳರ ಕಡೆಗೆ,
ನಡುವೆ ಮೂರು ದಿನದ ದಾರಿ, ಬಲಕ್ಕೆ ಕಡಲು.

ಮೂವತ್ತಾರು ವರ್ಷ ರೈಲು ಓಡಿಸಿದವನು.
ಪ್ರತಿ ಸಿಗ್ನಲ್ಲಿಗೂ ಬಿಳಿ ಕೈಗವಸಿನ ಬೆರಳು ಚಾಚಿ
"ಹಸಿರು, ಸರಿ!" ಎಂದು ಕೂಗಬೇಕು, ನಿಯಮ.
ನಿವೃತ್ತಿಯಾದ ಮೇಲೆ ಒಲೆಗೆ ಬೆರಳು ಚಾಚಿ
"ಆರಿದೆ, ಸರಿ!"
ಬಾಗಿಲಿಗೆ, ಮಾತ್ರೆ ಡಬ್ಬಿಗೆ,
ಒಮ್ಮೆ ನಿದ್ದೆಗಣ್ಣಲ್ಲಿ ನನಗೆ.
ಏನು ಸರಿ ಎಂದು ನಾನು ಕೇಳಲಿಲ್ಲ.

ಇಲ್ಲಿ ಅವನ ಬೆರಳಿಗೆ ಕೆಲಸವಿಲ್ಲ.
ಕೆಂಪು ಬಾಣಗಳೆಲ್ಲ ಎದುರಿನಿಂದ ಬರುವವರಿಗೆ.
ಕಂಬದ ಈ ಬದಿ ಬರೀ ಕಂಬ,
ಕಲ್ಲಿನ ಈ ಬದಿ ಬರೀ ಪಾಚಿ.
ದಾಟಿ, ನಿಂತು, ತಿರುಗಿ ನೋಡಬೇಕು:
ಬಾಣ ನಾವು ಬಿಟ್ಟು ಬಂದ ಕಡೆ ತೋರಿದರೆ
ಬಂದದ್ದು ಸರಿ.

ತಿರುಗುವುದು ಅವನ ಅಭ್ಯಾಸದಲ್ಲಿಲ್ಲ.
ಮೊನ್ನೆ ಹಾಗೇ ಎರಡು ಮೈಲಿ ತಪ್ಪಿ
ಸಿಮೆಂಟು ಕಾರ್ಖಾನೆಯ ಗೇಟಿಗೆ ಹೋಗಿ ನಿಂತೆವು.
ಕಾವಲುಗಾರ ಎದ್ದು ಬಂದು ನಮಸ್ಕರಿಸಿದ,
ನಗಲಿಲ್ಲ ಪಾಪ.
ಅಲ್ಲಿಂದ ವಾಪಸು ಬರುವಷ್ಟೂ ಹೊತ್ತು
ನಮ್ಮಿಬ್ಬರ ನಡುವೆ ಮಾತಾಡಿದ್ದು
ನನ್ನ ಕೋಲಿನ ಕಿರುಗಂಟೆ ಮಾತ್ರ.

ಆವತ್ತಿನಿಂದ ತಿರುಗುತ್ತಾನೆ.
ತಿರುಗಿದಾಗಲೆಲ್ಲ ದಾರಿಯ ನಡುವೆ ನಾನಿರುತ್ತೇನೆ,
ಏದುಸಿರು ಬಿಡುತ್ತ, ಟೋಪಿ ಓರೆಯಾಗಿ,
ಒಮ್ಮೆ ಮೂಗು ಸೀಟುತ್ತ.
ನನ್ನ ಭುಜದಾಚೆಗೆ ಕತ್ತು ಬಾಗಿಸಿ ಕಂಬ ಹುಡುಕುತ್ತಾನೆ,
"ದಾರಿ, ಸರಿ!"
ದಿನಕ್ಕೆ ನಲವತ್ತು ಸಲ, ಐವತ್ತು ಸಲ.
ಮದುವೆಯಾದ ವರ್ಷವೂ ಇಷ್ಟು ನೋಡಿರಲಾರ.

ಮೀನು ಒಣಹಾಕಿದ ಅಂಗಳದಿಂದ ಅಜ್ಜಿಯೊಬ್ಬಳು
ನಿಲ್ಲಿ ನಿಲ್ಲಿ ಎನ್ನುತ್ತ ಬಂದು
ಎರಡು ಬುನ್ತಾನ್ ಹಣ್ಣು ಕೈಗಿಟ್ಟಳು.
ಚಕ್ಕೋತದ ಒಡಹುಟ್ಟು, ಮಗುವಿನ ತಲೆಯಷ್ಟು ದಪ್ಪ.
ಯಾತ್ರಿಕರಾದವರು ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ.
ಬದಲಿಗೆ ಹೆಸರಿನ ಚೀಟಿ ಕೊಟ್ಟೆ.
"ಸೆತ್ಸುಯೊ! ನನ್ನ ತಂಗಿಯ ಹೆಸರು" ಅಂದಳು, ಅಷ್ಟೇ ಅಂದಳು.
ಕಾಲುಚೀಲ ತೂಗಿದವನು
ಎರಡನ್ನೂ ತನ್ನ ಬೆನ್ನಿಗೇ ಹಾಕಿಕೊಂಡ.
ತೂಕ ಎಷ್ಟಿರಬಹುದೆಂದೆ. ಮಾತಿಲ್ಲ.

ಇಬ್ಬರ ಟೋಪಿಯ ಮೇಲೂ ಒಂದೇ ಬರಹ:
'ಜೊತೆ ನಡೆವವರು ಇಬ್ಬರು.'
ನಡೆಯುವ ಜೀವ ಒಂದು, ಕಾಣದ ಗುರು ಒಬ್ಬರು.
ಹಾಗಾದರೆ ನಾವೆಷ್ಟು ಜನ, ಕೇಳಿದೆ.
ಮೂರು, ಎಂದ. ಗುರು ಒಬ್ಬರೇ ತಾನೆ?
ನಾಲ್ಕು, ಎಂದೆ.
ನೀನು ಅರ್ಧ ಮೈಲಿ ಮುಂದೆ ಹೋದಾಗ
ಅವರು ಯಾರ ಜೊತೆ ಇರಬೇಕು?
ಅಷ್ಟರಲ್ಲಿ ಸೇತುವೆ ಬಂತು.
ಕೆಳಗೆ ಗುರು ಮಲಗಿರಬಹುದೆಂದು
ಕೋಲು ಎತ್ತಿ ಹಿಡಿದು, ಸದ್ದಿಲ್ಲದೆ ದಾಟಿದೆವು.

ಓಕಿ ತೀರದಲ್ಲಿ ದಾರಿಯೇ ಮರಳು.
ಕಂಬವಿಲ್ಲ, ಕಲ್ಲಿಲ್ಲ, ತಿರುಗಲು ನೆವವಿಲ್ಲ.
ಎದುರಿನಿಂದ ಬಂದವರ ಹೆಜ್ಜೆಗಳು
ನಮ್ಮತ್ತ ಬೆರಳು ಮಾಡಿ ಬಿದ್ದಿದ್ದವು,
ಅಲೆಯೊಂದು ಅರ್ಧ ಸಾಲು ಒರೆಸಿಕೊಂಡು ಹೋಯಿತು.
ಬೂಟು ಕಳಚಿ ಕೊರಳಿಗೆ ಹಾಕಿಕೊಂಡು
ಅವನು ಮುಂದೆ, ನಾನು ಹಿಂದೆ.
ಹಳ್ಳ ಸಮುದ್ರ ಸೇರುವಲ್ಲಿ ನೀರು ಮೊಣಕಾಲಿಗೆ,
ಹಲ್ಲು ಕಟಕಟ.
ದಾಟಿದವನು ತಿರುಗಿ ನಿಂತ.
ತೋಳು ಚಾಚಿದ, ಬೆರಳು ಚಾಚಿದ,
ಬಾಯಿ ತೆರೆದ.
ಗಾಳಿಗೆ ಏನೂ ಕೇಳಿಸಲಿಲ್ಲ.

ರಾತ್ರಿ ಛತ್ರದಲ್ಲಿ ಮೊದಲು ಕೋಲಿನ ಪಾದ ತೊಳೆಯಬೇಕು,
ಆಮೇಲೆ ನಮ್ಮದು.
ನನ್ನ ಕೋಲು ನಾಲ್ಕು ಬೆರಳು ಸವೆದಿದೆ, ಅವನದು ಮೂರು.
ಹಣ್ಣಿನ ಸಿಪ್ಪೆ ದಪ್ಪ, ಅದಕ್ಕೆ ಅವನ ಉಗುರೇ ಆಗಬೇಕು.
ತೊಳೆ ಬಿಡಿಸಿ ನನಗೊಂದು ಪಾಲಿಟ್ಟ, ತನಗೊಂದು,
ಗೋಡೆಗೊರಗಿದ ಕೋಲುಗಳ ಮುಂದೆ
ಇನ್ನೆರಡು.

ಬೆಳಿಗ್ಗೆ ಅವನ್ನೂ ತಾನೇ ತಿಂದ,
ಹೊರೆ ಕಡಿಮೆಯಾಗಲಿ ಅಂತ.
ಇನ್ನೊಂದು ಹಣ್ಣು ಹಾಗೇ ಇದೆ, ಅವನ ಬೆನ್ನಲ್ಲಿ.