ಅಪ್ಪನ ಗಂಟು

ಅಪ್ಪ ಬಿಟ್ಟುಹೋದ ಗಂಟಿನಲ್ಲಿ
ಒಂದೂ ಗಂಟಿರಲಿಲ್ಲ.
ನೋಟರಿ ಬರೆದುಕೊಂಡ: ಹಗ್ಗ ಐದು,
ನಾಲ್ಕು ಆರು ಮಾರಿನವು, ಒಂದು ಗಿಡ್ಡ.
ಪ್ರತಿಯೊಂದರ ತುದಿಗೂ ಮೇಪಲ್ ಮರದ ತುಂಡು,
ಅಂಗೈಯುದ್ದ, ಕರುವಿನ ನಾಲಿಗೆಯ ಹಾಗೆ,
ಬುಡದಲ್ಲಿ ತೂತು, ತುದಿ ಚೂಪು.
ಬೆಲೆ? ಅಂದ. ಸೊನ್ನೆ ಹಾಕಿ, ಅಂದೆ.

ನಮ್ಮ ಕಣಿವೆಯಲ್ಲಿ ಇದಕ್ಕೆ ಟ್ರುಯೆಗ್ಲೆ ಅನ್ನುತ್ತೇವೆ,
ಅನ್ನುವಾಗಲೇ ನಾಲಿಗೆ ಒಂದು ಸುತ್ತು ಸುತ್ತಿ ಬರಬೇಕು.
ತೂತಿನೊಳಗೆ ಹಗ್ಗ ತೂರಿಸು,
ಹೊರೆಯ ಮೇಲೆ ಮಂಡಿಯೂರಿ ಎಳೆ,
ಚೂಪು ಮೂಗಿಗೆ ಒಂದು ಸುತ್ತು,
ಉಳಿದ ಬಾಲ ಮಡಚಿ ಅದರದೇ ಅಡಿಗೆ ತುರುಕು.
ಅಷ್ಟೇ.
ಹುಲ್ಲು ಉಬ್ಬಿದಷ್ಟೂ ಹಗ್ಗ ಮರವನ್ನು ಕಚ್ಚುತ್ತದೆ,
ಮರ ಹಗ್ಗವನ್ನು.
ಬಾಲ ಹಿಡಿದು ಜಗ್ಗಿದರೆ
ಎರಡೂ ಒಟ್ಟಿಗೇ ಬಾಯಿ ಬಿಡುತ್ತವೆ.

ದನ ಹತ್ತದ ಇಳಿಜಾರು ನಮ್ಮದು,
ಮೇಕೆಯೂ ನಿಂತು ಯೋಚಿಸುತ್ತದೆ.
ಬೂಟಿನ ಮೊಳೆ ನೆಲಕ್ಕೆ ನಾಟಿದ್ದಷ್ಟೇ ಆಯುಸ್ಸು.
ವೆಂಡೆಲಿನ್ ಹೆರ್ಗರ್, ನನ್ನಪ್ಪ, ಮಾತಿನ ಜಿಪುಣ,
ಕುಡುಗೋಲು ಮಸೆಯುತ್ತ ಹೇಳಿದ್ದು ಒಂದೇ:
ಇಲ್ಲಿ ಯಾವುದಕ್ಕೂ ಗಂಟು ಹಾಕಬೇಡ ಬಾಲ್ಬಿನಾ.
ಬಿಚ್ಚಲು ಎರಡು ಕೈ ಬೇಡುವಂಥದ್ದು
ಈ ಬೆಟ್ಟಕ್ಕೆ ಆಗಿಬರುವುದಿಲ್ಲ.

ನನಗೆ ಹನ್ನೊಂದು. ನಂಬಲಿಲ್ಲ.
ಅಮ್ಮ ಆ ವರ್ಷ ಕೆಳಗೇ ಉಳಿದಿದ್ದಳು,
ಲುಜೆರ್ನಿನ ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ.
ಪ್ರತಿ ಚಳಿಗಾಲ ಹೋಗುವಳು, ಮೇ ತಿಂಗಳ ಅಂಚೆ ಬಸ್ಸಿಗೆ ಬರುವಳು,
ಆ ವರ್ಷದ ಮೇ ಬಂತು, ಬಸ್ಸೂ ಬಂತು.
ಚೀಸ್ ಮಾಡುವ ಆಂಬ್ರೋಸ್ ಕೇಳಿದ,
ಹೆಂಡತಿಯನ್ನು ಕಟ್ಟಿಹಾಕಲು ನಿನಗೆ ಹಗ್ಗ ಕಡಿಮೆಯೇ?
ಅಪ್ಪ ಹಾಲಿನ ಲೆಕ್ಕ ಕೇಳಿ ಮನೆಗೆ ಬಂದ.

ಆಗಸ್ಟ್‌ನಲ್ಲಿ ನಾನೊಬ್ಬಳೇ ಕಟ್ಟಿದ ಮೊದಲ ಹೊರೆ.
ಮರದ ಮೂಗಿಗೆ ಸುತ್ತಿದ ಮೇಲೂ
ಗುಟ್ಟಾಗಿ ಒಂದು ಗಂಟು, ಅದರ ಮೇಲೊಂದು,
ಹಲ್ಲಿನಿಂದ ಕಚ್ಚಿ ಬಿಗಿದೆ.
ಮಿಕ್ಕ ಬಾಲವನ್ನು ಸೊಂಟಕ್ಕೆ ಕಟ್ಟಿಕೊಂಡೆ:
ಇನ್ನು ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ.

ಹೊರೆ ಮಗ್ಗುಲು ಮಗುಚಿತು.
ಆಮೇಲೆ ನೆನಪಿರುವುದು ಆಕಾಶ, ಹುಲ್ಲು, ಆಕಾಶ,
ಬಾಯಿ ತುಂಬ ಮಣ್ಣು,
ಕಣಕಾಲಿಗೆ ಬಿದ್ದ ಕೈ,
ಕಿವಿಯ ಪಕ್ಕದಲ್ಲೇ ಕುಡುಗೋಲಿನ ಸರ್ ಎಂಬ ಸದ್ದು.
ಹೊರೆ ಕೆಳಗಿನ ಬಂಡೆಗೆ ಬಡಿದು
ಹಳದಿ ಹೊಗೆಯಾಯಿತು.

ಬೈಯಲಿಲ್ಲ.
ಸೊಂಟಕ್ಕುಳಿದ ಗಂಟನ್ನು ಉಗುರಿನಿಂದ ಬಿಡಿಸಲು
ಕತ್ತಲಾಗುವವರೆಗೂ ಕೂತಿದ್ದ.
ಕತ್ತರಿಸಬಹುದಿತ್ತು.

ಸೆಪ್ಟೆಂಬರಿನಲ್ಲಿ ಅಮ್ಮ ಬಂದಳು, ಸೋಪಿನ ವಾಸನೆ, ಕೆಂಪು ಕೈ.
ಜಗುಲಿಯ ಹಗ್ಗಗಳನ್ನು ತೋಳು ಚಾಚಿ ಅಳೆದಳು,
ಗಿಡ್ಡದ್ದನ್ನು ಎರಡು ಸಲ.
ನನ್ನ ಅಂಗಿ ಎತ್ತಿ ಸೊಂಟದ ಬರೆ ನೋಡಿದಳು,
ಏನೂ ಕೇಳಲಿಲ್ಲ.
ಆ ಚಳಿಗಾಲ ಹೋಗಲಿಲ್ಲ.
ಮುಂದಿನ ಚಳಿಗಾಲ ಹೋದಳು.
ಬಸ್ಸಿನವರೆಗೆ ಅವಳ ಪೆಟ್ಟಿಗೆ ಹೊತ್ತವನು ಅಪ್ಪನೇ.
ಅದಕ್ಕೆ ಬಿಗಿದದ್ದು ಅದೇ ಗಿಡ್ಡ ಹಗ್ಗ.

ಈಗ ನನಗೆ ಅರವತ್ತಮೂರು.
ನನ್ನ ಬಳಿ ಇರುವ ಗಂಟುಗಳೆಲ್ಲ ಬೆರಳ ಗಿಣ್ಣಿನಲ್ಲಿವೆ,
ಗುಂಡಿ ಹಾಕಲಾಗದು, ಸೂಜಿ ಪೋಣಿಸಲಾಗದು.
ಇಂದು ಸಂಜೆ ಅಟ್ಟದಲ್ಲಿ
ಕೊನೆಯ ಹೊರೆಯ ಬಾಲವನ್ನು
ಎರಡು ಬೆರಳ ನಡುವೆ ಹಿಡಿದು ಜಗ್ಗಿದೆ.
ಮರ ಟಕ್ಕೆಂದಿತು.
ಬಿಗಿಹಿಡಿದಿದ್ದ ಹುಲ್ಲು ಉಸಿರು ಬಿಟ್ಟು
ಮೆಲ್ಲಗೆ ನನ್ನ ಮಂಡಿಯವರೆಗೆ ಬಂತು,
ಅದರೊಳಗಿನಿಂದ ಒಂದು ಮಿಡತೆ,
ಇಷ್ಟು ಹೊತ್ತೂ ಬದುಕಿದ್ದದ್ದು,
ಕಿಟಕಿಯತ್ತ ಹಾರಿತು.